ಗಾಜಿಗೊಂದು ಕಪ್ಪು ಅಂಚು

ಇಂದಿರಾನಗರದ ನಿಮ್ಮ ಪುಟ್ಟ ಸ್ಟುಡಿಯೋದಲ್ಲಿ ತೆಗೆದ ಗಾಣದೆಣ್ಣೆ ಬಾಟಲಿಯ ಮೇಲೆ ಬಿಳಿ ಚುಕ್ಕೆ ಬಿದ್ದು, ಅಂಚು ಕರಗಿಹೋಗುತ್ತಿದೆ ಎಂದಿದ್ದೀರಿ. ಮುಂದಿನ ಲೈಟು ಹೆಚ್ಚಿಸಿದರೆ ಅದು ಸರಿಹೋಗದು. ನೇರ ಬಿದ್ದ ಬೆಳಕಿನಲ್ಲಿ ಗಾಜಿನ ಒಂದೊಂದು ಮೈಯೂ ಹಿಂದಿರುಗಿಸುವುದು ಸುಮಾರು ಶೇ 4ರಷ್ಟು ಮಾತ್ರ, ಉಳಿದದ್ದು ದಾಟಿಹೋಗುತ್ತದೆ. ಹಾಗಾಗಿ ಕ್ಯಾಮೆರಾ ಹಿಡಿಯುವುದು ಗಾಜಿನ ಹಿಂದಿರುವುದನ್ನು, ಅದರಲ್ಲಿ ಪ್ರತಿಫಲಿಸುವುದನ್ನು. ಬಾಟಲಿಯಿಂದ ಎರಡಡಿ ಹಿಂದೆ ಬಟರ್ ಪೇಪರ್ ಇಳಿಬಿಟ್ಟು, ಅದರ ಹಿಂದಿನಿಂದ ಲೈಟು ಹಾಕಿ. ಚೌಕಟ್ಟಿನಾಚೆ ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸಿ. ದುಂಡು ಗಾಜು ಬೆಳಕನ್ನು ಬಾಗಿಸುವುದರಿಂದ ಅಂಚಿನಲ್ಲಿ ಆ ಕಪ್ಪೇ ಬಂದು ಕೂರುತ್ತದೆ, ಕಾಡಿಗೆ ತೀಡಿದಂತೆ. ರಟ್ಟನ್ನು ಒಂದಿಂಚು ಒಳಸರಿಸಿ ನೋಡಿ: ಗೆರೆ ದಪ್ಪವಾಗುವುದು ಎಷ್ಟು ಚೆಂದ!

ಲೇಬಲ್ ಕಪ್ಪಾಗುವುದಿಲ್ಲವೇ ಎಂದರೆ, ಆಗುತ್ತದೆ. ಆದರೆ ಕಾಗದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಮುಂಬದಿಯಿಂದ ಬಿಳಿ ಥರ್ಮಾಕೋಲ್ ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಗಾಜಿನ ಮೇಲೆ ಅದೊಂದು ನೀಳ, ಮೆತ್ತನೆಯ ಪಟ್ಟಿಯಾಗಿ ಬಿದ್ದರೂ ಕಣ್ಣಿಗೆ ಚುಚ್ಚದು. ಎಲ್ಲವನ್ನೂ ಫೋಟೋಶಾಪ್‌ನಲ್ಲಿ ತಿದ್ದಬಹುದೆಂಬ ಮಾತನ್ನು ನಾನು ಒಪ್ಪುವುದಿಲ್ಲ: ಪೂರ್ತಿ ಬೆಳ್ಳಗಾದ ಜಾಗದಲ್ಲಿ ತಿದ್ದಲು ವಿವರವೇ ಉಳಿದಿರುವುದಿಲ್ಲ. ಅಂದಹಾಗೆ, ಕಿಟಕಿಯ ಪರದೆ ಎಳೆಯಿರಿ. ಬೀದಿಯ ಬೋರ್ಡುಗಳ ಬೆಳಕೂ ಗಾಜಿನಲ್ಲಿ ಮೂಡುತ್ತದೆ.