ಊರ ಇತಿಹಾಸಕ್ಕೊಂದು ಸರ್ವರ್: ಮೊದಲು ಪಟ್ಟಿ, ಆಮೇಲೆ ಯಂತ್ರ

ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ಫೋಟೊಗಳು ಒಬ್ಬರ ಮೊಬೈಲಿನಲ್ಲಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯ ಚಿತ್ರಗಳು ಇನ್ನೊಬ್ಬರ ಪೆನ್‌ಡ್ರೈವಿನಲ್ಲಿ, ಶಾಸನಗಳ ಪಾಠ ಬಳ್ಳಾರಿಯ ಯಾರದೋ ಲ್ಯಾಪ್‌ಟಾಪಿನಲ್ಲಿ. ಊರಿನ ಇತಿಹಾಸ ಕೂಡಿಡುವ ಗುಂಪುಗಳ ಪಾಡು ಸಾಮಾನ್ಯವಾಗಿ ಇದೇ. ಎಲ್ಲವನ್ನೂ ಒಂದೆಡೆ ತರಲು ದುಬಾರಿ ಯಂತ್ರವೇನೂ ಬೇಡ. 8 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್, ಒಂದೇ ಅಳತೆಯ ಎರಡು ಹಾರ್ಡ್‌ಡಿಸ್ಕ್, ಒಂದು ಯುಪಿಎಸ್ ಸಾಕು. ಬಳ್ಳಾರಿಯ ಬಿಸಿಲು, ದೂಳು ಗೊತ್ತಿದ್ದದ್ದೇ. ಗಾಳಿಯಾಡುವ ಕಡೆ ಇಡಿ.

ಉಬುಂಟು ಸರ್ವರ್ ಎಂಬ ಲಿನಕ್ಸ್ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವಂತೆ ಎರಡೂ ಡಿಸ್ಕುಗಳನ್ನು ರೇಡ್-1ರಲ್ಲಿ ಜೋಡಿಸಿ. ಸಾಂಬಾ ತಂತ್ರಾಂಶದ ಮೂಲಕ 'ಮೂಲ', 'ಕೆಲಸ' ಎಂಬ ಎರಡು ಫೋಲ್ಡರ್ ಹಂಚಿ. 'ಮೂಲ'ಕ್ಕೆ ಬರೆಯುವ ಅನುಮತಿ ಒಬ್ಬರಿಗೆ ಮಾತ್ರ. ಉಳಿದವರು ನೋಡಬಹುದು, ಅಳಿಸಲಾಗದು. ಇಷ್ಟು ಅರ್ಧ ದಿನದ ಕೆಲಸ.

ನಿಜವಾದ ಕೆಲಸ ಇರುವುದು ಪಟ್ಟಿಯಲ್ಲಿ. ಡಬ್ಲಿನ್ ಕೋರ್ ಎಂಬ ಮಾನದಂಡದಲ್ಲಿ 15 ಅಂಶಗಳಿವೆ. ಶೀರ್ಷಿಕೆ, ಕರ್ತೃ, ದಿನಾಂಕ, ಸ್ಥಳ, ಹಕ್ಕು, ಗುರುತು ಸಂಖ್ಯೆ, ಇವಿಷ್ಟರಿಂದ ಆರಂಭಿಸಿದರೂ ನಡೆಯುತ್ತದೆ. ತೊಡಕು ಬರುವುದು ಸ್ಥಳದಲ್ಲಿ. 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತ ಶಾಸನಗಳ 9ನೇ ಸಂಪುಟ ಈ ಸೀಮೆಯನ್ನು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ತೋರಿಸುತ್ತದೆ. ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದ್ದು 1953ರಲ್ಲಿ. ಇಂಗ್ಲಿಷಿನಲ್ಲಿ 'ಬೆಳ್ಳಾರಿ' ಹೋಗಿ 'ಬಳ್ಳಾರಿ' ಬಂದದ್ದು 2014ರಲ್ಲಿ. ಕುರುಗೋಡು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. 2021ರಲ್ಲಿ ವಿಜಯನಗರ ಜಿಲ್ಲೆಯೂ ಬೇರೆಯಾಯಿತು. ಆದ್ದರಿಂದ 'ಇಂದಿನ ಸ್ಥಳ', 'ದಾಖಲೆಯಲ್ಲಿರುವ ಸ್ಥಳ' ಎಂದು ಎರಡು ಕಾಲಂ ಮಾಡಿ. ಜೊತೆಗೆ ಅಕ್ಷಾಂಶ, ರೇಖಾಂಶ ಬರೆದಿಟ್ಟರೆ ತಾಲ್ಲೂಕು ಎಷ್ಟು ಸಲ ಬದಲಾದರೂ ಕಲ್ಲು ಸಿಗುತ್ತದೆ.

ಇನ್ನು ಅಕ್ಷರದ ತಕರಾರು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಾಠವನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ ಹುಡುಕಿದಾಗ ಒಂದೂ ಸಿಗದು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿನಿಂದಲೇ ತಿದ್ದಬೇಕು. ಬೇರೆ ದಾರಿ ಇಲ್ಲ. ಕಡತದ ಹೆಸರು ಚಿಕ್ಕದಿರಲಿ. ಲಿನಕ್ಸ್‌ನಲ್ಲಿ ಹೆಸರಿಗಿರುವ ಮಿತಿ 255 ಬೈಟ್. 'ಸ್ತ್ರೀ' ಎಂಬ ಒಂದಕ್ಷರವೇ 18 ಬೈಟ್ ನುಂಗುತ್ತದೆ. ಊರಿನ ಸಂಕೇತ, ಬಗೆ, ಸಂಖ್ಯೆ ಸಾಕು: 'ಕುರು-ಶಾಸ-0042'. ವಿವರವೆಲ್ಲ ಪಟ್ಟಿಯಲ್ಲಿರಲಿ.

ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದವರು ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಬೇಕು. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ! ಆ ಕಡತವನ್ನು ಓಮೆಕಾ ಎಸ್ ಎಂಬ ಉಚಿತ ತಂತ್ರಾಂಶಕ್ಕೆ ಏರಿಸಿದರೆ ಬ್ರೌಸರಿನಲ್ಲೇ ಹುಡುಕಬಹುದು.

ಸಿರುಗುಪ್ಪ, ಕುರುಗೋಡಿನವರು ತಮ್ಮ ಕಂಪ್ಯೂಟರಿನಿಂದ ಸಿಂಕ್‌ಥಿಂಗ್ ಎಂಬ ತಂತ್ರಾಂಶದ ಮೂಲಕ 'ಕೆಲಸ' ಫೋಲ್ಡರಿಗೆ ಕಳಿಸಲಿ. ನೆಟ್ ಹೋದರೆ ಬಂದಾಗ ತಾನೇ ಮುಂದುವರಿಯುತ್ತದೆ. ಸಾಂಬಾವನ್ನು ಮಾತ್ರ ಯಾವ ಕಾರಣಕ್ಕೂ ನೇರ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ.

ರೇಡ್ ಇದೆಯೆಂದು ಬ್ಯಾಕಪ್ ಬಿಡುವಂತಿಲ್ಲ. ತಪ್ಪಿ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ. ಮೂರನೆಯ ಡಿಸ್ಕಿಗೆ ವಾರಕ್ಕೊಮ್ಮೆ ನಕಲು ಮಾಡಿ ಬೇರೆ ಊರಿನಲ್ಲಿಡಿ, ತಿಂಗಳಿಗೊಮ್ಮೆ ಅದರಿಂದ ನಾಲ್ಕಾರು ಕಡತ ತೆರೆದು ನೋಡಿ.