ಹೆಸರೂ ಲಾಂಛನವೂ: ಚಲಚ್ಚಿತ್ರ ತೆಗೆಯುವ ವಿದ್ಯಾರ್ಥಿನಿಯರಿಗೆ ಒಂದು ಪಾಠ

ಗ್ರಂಥಕ್ಕೆ ಮುಖಪತ್ರವೂ ಅಂಗಡಿಗೆ ಹಲಗೆಯೂ ಇರುವ ಹಾಗೆ ಚಲಚ್ಚಿತ್ರಕ್ಕೆ ಹೆಸರು, ಲಾಂಛನ ಎಂಬ ಎರಡು ಬಾಗಿಲುಗಳುಂಟು. ಕಥೆಯನ್ನು ಇನ್ನೂ ನೋಡದವರು ಮೊದಲು ಇವುಗಳನ್ನೇ ನೋಡುವರು. ಈಗಿನ ಕಾಲದಲ್ಲಿ ಅಂಗೈಯಷ್ಟಗಲದ ಫೋನಿನಿಂದಲೇ ಹತ್ತು ನಿಮಿಷಗಳ ಚಿತ್ರವನ್ನು ತೆಗೆಯುವದು ಹಳ್ಳಿಖೇಡದಂಥ ಊರಿನ ಹೆಣ್ಣುಮಕ್ಕಳಿಗೂ ಅಸಾಧ್ಯವಲ್ಲ. ಅತಿಮಾನುಷ ಶಕ್ತಿಯುಳ್ಳ ಒಬ್ಬ ನಾಯಕಿಯ ಕಥೆಯನ್ನು ಅವರು ಆರಿಸಿಕೊಳ್ಳುವದೂ ಸಹಜವೇ. ಆದರೆ ಕಥೆಗಾಗಿ ತಿಂಗಳುಗಟ್ಟಲೆ ಶ್ರಮಪಟ್ಟವರು, ಹೆಸರಿನ ಸರದಿ ಬಂದಾಗ, ಪರದೇಶದ ಚಿತ್ರದಿಂದ ಒಂದು ಪದವನ್ನೂ ಎದೆಯ ಮೇಲಣ ಒಂದು ಅಕ್ಷರವನ್ನೂ ಎರವು ತಂದು ಕೆಲಸ ಮುಗಿಯಿತೆಂದು ಎಣಿಸುವದುಂಟು. ಈ ಪಾಠದಲ್ಲಿ ನಾವು ತಿಳಿಸಬೇಕೆಂದಿರುವದು ಇಷ್ಟೇ: ಹೆಸರೂ ಲಾಂಛನವೂ ನಾಯಕಿಯ ಬಲದಿಂದಲ್ಲ, ಅವಳು ಮಾಡುವ ಕಾರ್ಯದಿಂದ ಹುಟ್ಟತಕ್ಕವು, ಮತ್ತು ಎರಡಕ್ಕೂ ಬೇರು ಒಂದೇ ಆಗಿರತಕ್ಕದ್ದು.

1. ಒಂದೇ ಬೇರಿನಿಂದ ಎರಡು

ಕನ್ನಡನಾಡಿನ ಅರಸರು ಈ ಮಾತನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೇಲೆ ಬಿದ್ದ ಹುಲಿಯನ್ನು ಕಂಡು ಗುರುವು “ಪೊಯ್ ಸಳ”, ಅಂದರೆ “ಸಳನೇ, ಹೊಡೆ” ಎಂದನೆಂದೂ, ಸಳನು ಅದನ್ನು ಕೊಂದನೆಂದೂ ಐತಿಹ್ಯವಿದೆ. ಆ ಕೂಗೇ ಹೊಯ್ಸಳರೆಂಬ ಹೆಸರಾಯಿತು. ಆ ಹೊಡೆತವೇ ಅವರ ಲಾಂಛನವಾಗಿ ಬೇಲೂರಿನ ಗುಡಿಯಲ್ಲಿ ಕಲ್ಲಾಗಿ ನಿಂತಿತು. ಈ ಕಥೆ ಚರಿತ್ರೆಯಲ್ಲ, ಐತಿಹ್ಯವೇ. ಆದರೂ ಒಂದು ಕೃತ್ಯವು ಕಿವಿಗೆ ಹೆಸರಾಗಿಯೂ ಕಣ್ಣಿಗೆ ಗುರುತಾಗಿಯೂ ಪರಿಣಮಿಸಿದ್ದಕ್ಕೆ ಇದಕ್ಕಿಂತ ಒಳ್ಳೇ ನಿದರ್ಶನ ಸಿಗಲಾರದು.

ನಮ್ಮ ನೆರೆಯ ಬಸವಕಲ್ಯಾಣದಲ್ಲಿ ರಾಜಧಾನಿಯನ್ನು ಮಾಡಿಕೊಂಡು ಆಳಿದ ಚಾಲುಕ್ಯರ ಲಾಂಛನವು ವರಾಹ. ಮುಳುಗಿದ ಭೂಮಿಯನ್ನು ಎತ್ತಿದ ಪ್ರಾಣಿಯದು. ರಾಜ್ಯವನ್ನು ಎತ್ತಿ ಹಿಡಿಯುವವರು ತಾವೆಂಬ ಅರ್ಥವನ್ನು ಓದಲಾರದ ಪ್ರಜೆಗೂ ಅದು ತಿಳಿಸುತ್ತಿತ್ತು. ಆ ಗುರುತು ನಾಣ್ಯದ ಮೇಲೆ ಬಿದ್ದು, ಕೊನೆಗೆ ಹೊನ್ನಿನ ನಾಣ್ಯಕ್ಕೇ ವರಹವೆಂಬ ಹೆಸರಾಯಿತು.

2. ಬಿರುದೋ, ಕೈಯಲ್ಲಿರುವ ವಸ್ತುವೋ?

ಇದೇ ಚಾಲುಕ್ಯ ವಂಶದ ಸತ್ಯಾಶ್ರಯನ ಆಶ್ರಯದಲ್ಲಿದ್ದ ರನ್ನ ಕವಿಯು ತನ್ನ ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟನು. ಆದರೆ ಕನ್ನಡಿಗರ ನಾಲಿಗೆಯ ಮೇಲೆ ನಿಂತ ಹೆಸರು ‘ಗದಾಯುದ್ಧ’. ಮೊದಲನೆಯ ಹೆಸರು ಬಿರುದನ್ನು ಹೇಳುತ್ತದೆ. ಎರಡನೆಯದನ್ನು ಕೇಳಿದೊಡನೆ ಗದೆಯೂ ಕಾಳಗವೂ ಕಣ್ಣಿಗೆ ಕಟ್ಟುತ್ತವೆ. ಹೊಗಳಿಕೆಗಿಂತ ವಸ್ತುವನ್ನು ಜನರು ಬೇಗನೆ ನೆನಪಿಡುವರೆಂಬದು ಇದರಿಂದ ತಿಳಿಯುತ್ತದೆ.

ಚಲಚ್ಚಿತ್ರದಲ್ಲಿಯೂ ಇದೇ ನಿಯಮ. 1935ರಲ್ಲಿ ಮುಂಬಯಿಯ ವಾಡಿಯಾ ಮೂವಿಟೋನ್ ಸಂಸ್ಥೆಯವರು ‘ಹಂಟರ್‌ವಾಲಿ’ ಎಂಬ ಹಿಂದಿ ಚಿತ್ರವನ್ನು ಹೊರತಂದರು. ಆಸ್ಟ್ರೇಲಿಯದಲ್ಲಿ ಹುಟ್ಟಿದ ನಾದಿಯಾ ಎಂಬ ನಟಿಯು ಅದರಲ್ಲಿ ಮುಸುಕು ಧರಿಸಿ, ಚಾವಟಿ ಹಿಡಿದು, ಪೀಡಿತರ ಪಕ್ಷ ವಹಿಸುವ ರಾಜಕುಮಾರಿಯಾದಳು. ಹಂಟರ್ ಎಂದರೆ ಚಾವಟಿ; ಹಂಟರ್‌ವಾಲಿ ಎಂದರೆ ಚಾವಟಿಯವಳು. ಹೆಸರು, ಆಯುಧ, ಗುರುತು ಮೂರೂ ಒಂದೇ. ಅವಳು ಯಾವ ಪುರುಷನ ಹೆಸರಿಗೂ ಸ್ತ್ರೀಪ್ರತ್ಯಯ ಹಚ್ಚಿಸಿಕೊಂಡು ಬಂದವಳಲ್ಲವೆಂಬದನ್ನು ವಿದ್ಯಾರ್ಥಿನಿಯರು ಮುಖ್ಯವಾಗಿ ಗಮನಿಸತಕ್ಕದ್ದು.

3. ಎರವಿನ ಅಕ್ಷರದ ಕಥೆ

ಎಲ್ಲರೂ ಬಲ್ಲ ಸೂಪರ್‌ಮ್ಯಾನನ ಎದೆಯ ‘ಎಸ್’ ಅಕ್ಷರವು ಆಕಾಶದಿಂದ ಬಿದ್ದದ್ದಲ್ಲ. ಅಮೆರಿಕದ ಕ್ಲೀವ್‌ಲೆಂಡಿನ ಹೈಸ್ಕೂಲೊಂದರಲ್ಲಿ ಗೆಳೆಯರಾದ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಆ ವೀರನನ್ನು ಕಲ್ಪಿಸಿದರು. 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಅವನು ಲೋಕಕ್ಕೆ ಕಾಣಿಸಿಕೊಂಡನು. ಆದರೆ ಅವರು ಆ ಹೆಸರಿನ ಮತ್ತು ಗುರುತಿನ ಹಕ್ಕನ್ನೆಲ್ಲ ಕೇವಲ 130 ಡಾಲರುಗಳಿಗೆ ಪ್ರಕಾಶಕರಿಗೆ ಬರೆದುಕೊಟ್ಟಿದ್ದರು. ಆ ಗುರುತಿನಿಂದ ಇತರರು ಐಶ್ವರ್ಯವಂತರಾದರು. ಕಲ್ಪಿಸಿದವರು ಬಡತನವನ್ನು ಕಂಡರು. ಬಹು ಕಾಲ ಹೋರಾಡಿದ ಮೇಲೆ 1975ರಲ್ಲಿ ಅವರಿಗೆ ವರ್ಷಾಶನವೂ, ಕೃತಿಯ ಮೇಲೆ ತಮ್ಮ ಹೆಸರನ್ನು ಕಾಣುವ ಗೌರವವೂ ದೊರೆತವು.

ಇದರಿಂದ ಎರಡು ಬುದ್ಧಿಗಳನ್ನು ಕಲಿಯಬಹುದು. ಲಾಂಛನವೆಂಬದು ಅಲಂಕಾರವಲ್ಲ, ಸೊತ್ತು. ಆದಕಾರಣ ಇನ್ನೊಬ್ಬರದನ್ನು ತೆಗೆಯಬಾರದು. ನಿಮ್ಮದೂ ಸೊತ್ತೇ, ಆದಕಾರಣ ಚಿತ್ರದ ಕೊನೆಯಲ್ಲಿ ಕಥೆ ಬರೆದವಳ ಹೆಸರಿನೊಂದಿಗೆ ಲಾಂಛನ ಬರೆದವಳ ಹೆಸರನ್ನೂ ತಪ್ಪದೆ ಕಾಣಿಸತಕ್ಕದ್ದು.

ಅಕ್ಷರವೇ ಇಲ್ಲದ ಹೆಸರೂ ಉಂಟು. 2010ರಲ್ಲಿ ಉಪೇಂದ್ರರು ನಿರ್ದೇಶಿಸಿದ ಕನ್ನಡ ಚಿತ್ರಕ್ಕೆ ಹೆಬ್ಬೆರಳೂ ತೋರುಬೆರಳೂ ಕೂಡಿದ ಹಸ್ತಮುದ್ರೆಯೇ ಶೀರ್ಷಿಕೆಯಾಗಿತ್ತು. ಜನರು ಅದನ್ನು ‘ಸೂಪರ್’ ಎಂದು ಓದಿದರು. ಆದರೆ ಅಂಥ ಸಾಹಸವು ಈಗಾಗಲೇ ಪ್ರಸಿದ್ಧರಾದವರಿಗೆ ಮಾತ್ರ ಒಪ್ಪುವದು. ಹೊಸಬರು ಹೆಸರನ್ನು ಅಕ್ಷರಗಳಲ್ಲಿಯೇ ಬರೆಯುವದು ಕ್ಷೇಮ.

4. ಹೆಸರನ್ನು ಆರಿಸುವ ಕ್ರಮ

ಈಗ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹಳ್ಳಿಖೇಡದ ಒಬ್ಬ ಹುಡುಗಿಗೆ ಹಳೆಯ ಕಂದೀಲು ಸಿಗುತ್ತದೆ. ಅದರ ಬೆಳಕು ಬಿದ್ದಲ್ಲಿ ಯಾರೂ ಸುಳ್ಳಾಡಲಾರರು. ಎಂಟನೆಯ ತರಗತಿಯ ಅವಳ ಗೆಳತಿಗೆ ಹದಿನೆಂಟು ತುಂಬಿತೆಂದು ಹೇಳಿ ಹಿರಿಯರು ಮದುವೆಯನ್ನು ಗೊತ್ತುಮಾಡಿದ್ದಾರೆ. ನಾಯಕಿಯು ಕಂದೀಲು ಹಿಡಿದು ಆ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತಾಳೆ; ನಿಜವಾದ ವಯಸ್ಸು ಹಿರಿಯರ ಬಾಯಿಂದಲೇ ಹೊರಬೀಳುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಮೇರೆಗೆ ಹದಿನೆಂಟು ತುಂಬದ ಹೆಣ್ಣಿನ ಮದುವೆ ಅಪರಾಧವಾದದರಿಂದ ಲಗ್ನ ನಿಲ್ಲುತ್ತದೆ. ಗೆಳತಿ ಶಾಲೆಗೆ ಮರಳುತ್ತಾಳೆ.

ಈ ಚಿತ್ರಕ್ಕೆ ಯಾವ ಹೆಸರು? ‘ಸೂಪರ್ ಗರ್ಲ್’ ಪರರ ಸೊತ್ತು. ‘ಮಹಾಶಕ್ತಿ’ ಯಾವ ಕಥೆಗಾದರೂ ಸಲ್ಲುವದರಿಂದ ಈ ಕಥೆಗೆ ಸಲ್ಲದು. “ಹೆಸರು ಗಂಗಾಭವಾನಿ, ಕುಡಿಯಲು ನೀರಿಲ್ಲ” ಎಂಬ ಗಾದೆಯಂತಾದೀತು. ‘ಸತ್ಯದ ಬೆಳಕು’ ನೀತಿಯನ್ನು ಬಾಗಿಲಲ್ಲಿಯೇ ಹೇಳಿಬಿಡುತ್ತದೆ. ಒಳಗೆ ಬರುವವರಿಗೆ ಕುತೂಹಲವೇನು ಉಳಿದೀತು? ‘ಕಂದೀಲು’ ಚಿಕ್ಕದು, ಚೊಕ್ಕದು. ಕನ್ನಡ, ಮರಾಠಿ, ಉರ್ದು ಆಡುವ ಮೂವರಿಗೂ ಪರಿಚಿತವಾದ ಮಾತು. ನಮ್ಮ ಬೀದರ್ ಸೀಮೆಗೆ ಇದು ಸಣ್ಣ ಗುಣವಲ್ಲ. ಆದರೆ 2023ನೆಯ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಚಿತ್ರದ ಹೆಸರು ಅದೇ ಆಗಿದೆ. ಬರಿಯ ಹೆಸರಿಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಮ್ ಕೋರ್ಟು 2015ರಲ್ಲಿ ತೀರ್ಮಾನಿಸಿದ್ದರೂ, ಜನರಲ್ಲಿ ಭ್ರಾಂತಿ ಹುಟ್ಟಿಸುವದು ಸಲ್ಲದು.

ಇಂಥ ಇಕ್ಕಟ್ಟಿಗೆ ಪರಿಹಾರವನ್ನು ನಮ್ಮ ಊರ ಹೆಸರೇ ಕಲಿಸುತ್ತದೆ. ಈ ಸೀಮೆಯಲ್ಲಿ ಒಂದೇ ಹೆಸರಿನ ಎರಡು ಊರುಗಳಿದ್ದರೆ ಒಂದಕ್ಕೆ (ಬಿ), ಇನ್ನೊಂದಕ್ಕೆ (ಕೆ) ಎಂದು ಬರೆಯುವರು. ಅವು ಬುಜುರ್ಗ್, ಖುರ್ದ್ ಎಂಬ ಪಾರಸಿ ಮಾತುಗಳ ಮೊದಲಕ್ಷರಗಳು. ಹಿರಿಯದು, ಕಿರಿಯದು ಎಂದರ್ಥ. ಒಂದು ಸಣ್ಣ ಅಕ್ಷರವು ಊರನ್ನು ಊರಿನಿಂದ ಬೇರ್ಪಡಿಸುತ್ತದೆ. ಹಾಗೆಯೇ ಕಂದೀಲಿಗೆ ‘ಅಕ್ಕ’ ಎಂಬ ನಮ್ಮ ಮನೆಮಾತನ್ನು ಸೇರಿಸಿದರೆ ‘ಕಂದೀಲಕ್ಕ’ ಆಗುವದು. ವಸ್ತುವೂ ಬಂತು, ಕೃತ್ಯವೂ ಬಂತು. ತಂಗಿಯ ಬೆಂಬಲಕ್ಕೆ ನಿಲ್ಲುವ ಅಕ್ಕನೂ ಬಂದಳು.

5. ಲಾಂಛನವನ್ನು ಬರೆಯುವ ಕ್ರಮ

ಕಂದೀಲನ್ನು ಇದ್ದಂತೆ ಬರೆದರೆ ತಂತಿ, ಹಿಡಿಕೆ, ಗಾಜು, ಬತ್ತಿಯ ತಿರುಪು, ಎಣ್ಣೆಯ ಬುರುಡೆ ಇವೆಲ್ಲ ಕೂಡಿ ಗೋಜಲಾಗುವದು. ತೆಗೆಯಬಹುದಾದದ್ದನ್ನೆಲ್ಲ ತೆಗೆದ ಮೇಲೂ ಕಂದೀಲೆಂದು ತಿಳಿಯುವದಾದರೆ ಅದೇ ಸರಿಯಾದ ಲಾಂಛನ. ‘ಕಂ’ ಎಂಬಲ್ಲಿ ಕನ್ನಡ ಲಿಪಿಯು ನಮಗೆ ಒಂದು ಸೊನ್ನೆಯನ್ನು ಉಚಿತವಾಗಿ ಕೊಟ್ಟಿದೆ. ಆ ಸೊನ್ನೆಯನ್ನೇ ಗಾಜಿನ ಬುರುಡೆಯಾಗಿ ಮಾಡಿ, ಒಳಗೆ ಒಂದೇ ಒಂದು ಜ್ವಾಲೆಯನ್ನಿರಿಸಿದರೆ ಹೆಸರೂ ಗುರುತೂ ಒಂದಾಗುವವು. ಆ ಸೊನ್ನೆಯನ್ನು ಮಾತ್ರ ಬೇರೆಯಾಗಿ ತೆಗೆದು ನಾಯಕಿಯ ಉಡುಪಿನ ಮೇಲೆ ಹೊಲಿಯಲೂಬಹುದು.

ಬಣ್ಣಕ್ಕೆ ಬೀದರಿನ ಕುಶಲಕರ್ಮಿಗಳೇ ನಮ್ಮ ಗುರುಗಳು. ಬಿದ್ರಿ ಪಾತ್ರೆಯಲ್ಲಿ ಸತುವೂ ತಾಮ್ರವೂ ಕೂಡಿದ ಲೋಹಕ್ಕೆ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಮಣ್ಣೂ ನವಸಾಗರವೂ ಬೆರೆತ ನೀರಿನಿಂದ ಲೋಹವನ್ನು ಕಪ್ಪಾಗಿಸುವರು. ಬೆಳ್ಳಿ ಕಪ್ಪಾಗದೆ ಹೊಳೆಯುವದು. ಕಪ್ಪು ಮತ್ತು ಬಿಳುಪು, ಎರಡೇ. ಆದರೂ ದೂರದಿಂದ ಹೂವೂ ಬಳ್ಳಿಯೂ ಸ್ಪಷ್ಟ. ನಿಮ್ಮ ಲಾಂಛನವೂ ಮೊದಲು ಈ ಎರಡರಲ್ಲಿಯೇ ನಿಲ್ಲತಕ್ಕದ್ದು. ಮೂರನೆಯ ಬಣ್ಣ ಆಮೇಲಿನ ಮಾತು. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಯೂ, ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿಯೂ ಬರೆದು ನೋಡಿರಿ. ಎರಡರಲ್ಲಿಯೂ ಗುರುತು ಸಿಕ್ಕರೆ ಸರಿ.

ರಾಷ್ಟ್ರದ ಸಿಂಹಲಾಂಛನವನ್ನೂ ರಾಜ್ಯದ ಗಂಡಭೇರುಂಡವನ್ನೂ ಚಂದವೆಂದು ಮಾತ್ರಕ್ಕೆ ಬಳಸಬಾರದು. 1950 ಮತ್ತು 2005ರ ಕಾಯಿದೆಗಳು ಸರಕಾರದ ಲಾಂಛನಗಳ ಅಯೋಗ್ಯ ಬಳಕೆಯನ್ನು ತಡೆದಿವೆ.

6. ಅಭ್ಯಾಸ

(1) ನಿಮ್ಮ ನಾಯಕಿ ಮಾಡುವ ಮುಖ್ಯ ಕಾರ್ಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದು ಬಾರದಿದ್ದರೆ ಹೆಸರನ್ನು ಹುಡುಕುವ ಮೊದಲು ಕಥೆಯನ್ನು ತಿದ್ದಿರಿ.

(2) ಆ ವಾಕ್ಯದಲ್ಲಿ ಕೈಗೆ ಸಿಗುವ, ಕಣ್ಣಿಗೆ ಕಾಣುವ ವಸ್ತು ಯಾವದು? ಅದರಿಂದ ಐದು ಹೆಸರುಗಳನ್ನು ಕಟ್ಟಿರಿ.

(3) ಅವನ್ನು ಮನೆಯಲ್ಲಿ ಅಜ್ಜಿಗೆ ಒಂದು ಸಾರಿ ಹೇಳಿ, ಮರುದಿನ ಯಾವದು ನೆನಪಿದೆಯೆಂದು ಕೇಳಿರಿ. ಅವರು ಮರೆತದ್ದನ್ನು ನೀವೂ ಬಿಡಿರಿ.

(4) ಉಳಿದ ಹೆಸರನ್ನು ಬೇರೆ ಚಿತ್ರಕ್ಕೆ ಯಾರಾದರೂ ಇಟ್ಟಿದ್ದಾರೆಯೋ ವಿಚಾರಿಸಿರಿ. ಅನಂತರವೇ ಲಾಂಛನಕ್ಕೆ ಕೈಹಾಕಿರಿ.

ಕಂದೀಲು ಹಿಡಿದವಳ ಬಲವನ್ನು ನೋಡಿ ಜನ ಬೆರಗಾಗಬಹುದು. ಆದರೆ ಅವರು ಅವಳ ಹೆಸರನ್ನು ನೆನಪಿಡುವದು, ಅವಳು ಯಾರ ಹೊಸ್ತಿಲಲ್ಲಿ ಬೆಳಕು ಹಿಡಿದು ನಿಂತಳೆಂಬದಕ್ಕಾಗಿ.