ಮೇಷ್ಟ್ರ ಪ್ರಶ್ನೆಪತ್ರಿಕೆ ಫೋನಲ್ಲಿ ಯಾಕೆ ಕಾಣಲ್ಲ?

ಊರಿನ ಶಾಲೆಯ ಮೇಷ್ಟ್ರು, ಟೀಚರ್‌ಗಳು ನಮ್ಮನ್ನು ಹೆಚ್ಚಾಗಿ ಕೇಳೋದು ಎಐ ಬಗ್ಗೆ ಅಲ್ಲ. “ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಮಕ್ಕಳ ಫೋನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತಲ್ಲಪ್ಪಾ, ಯಾಕೆ?” ಅಂತ.

ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಫೋನಿಗೆ ಅಲ್ಲಿರೋದು ಕನ್ನಡ ಅಂತಲೇ ಗೊತ್ತಾಗಲ್ಲ. ಯೂನಿಕೋಡ್‌ನಲ್ಲಾದರೆ ಕನ್ನಡಕ್ಕೇ 128 ಜಾಗ ಮೀಸಲು. ‘ಕ’ ಎಲ್ಲಿ ಹೋದರೂ ‘ಕ’ನೇ.

ಹೊಸದಾಗಿ ಟೈಪಿಂಗ್ ಕಲಿಯಬೇಕಾ ಅನ್ನೋ ಭಯ ಅವರಿಗೆ ಬೇಡ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೀಲಿಗಳ ಜಾಗ ಅದೇ. (ವರ್ಷಗಳ ರೂಢಿ ಬಿಡಿಸೋಕೆ ಹೋದರೆ ಯಾರೂ ಕೇಳಲ್ಲ ಬಿಡಿ.) ಹಳೆಯ ಕಡತಗಳನ್ನು ಪರಿವರ್ತಕಕ್ಕೆ ಹಾಕಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಗಣಿತದ ಚಿಹ್ನೆಗಳನ್ನು ಕಣ್ಣಾರೆ ನೋಡಲೇಬೇಕು; ಮೂಲ ಕಡತ ಅಳಿಸಬಾರದು.

ನಾಳೆಯೇ ಪರೀಕ್ಷೆ ಇದ್ರೆ ಪಿಡಿಎಫ್ ಮಾಡಿ ಕಳಿಸಲಿ. ಓದೋಕೆ ಸಾಕು. ಆದರೆ ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗಲ್ಲ. ಕಣ್ಣು ಕಾಣದ ಮಗುವಿಗೆ ಫೋನು ಅದನ್ನು ಓದಿ ಹೇಳಲೂ ಆಗಲ್ಲ. ಆ ಮಗುವಿಗೋಸ್ಕರವಾದರೂ ಯೂನಿಕೋಡ್ ಬೇಕು ಅನ್ನೋದು ನಮ್ಮ ವಾದ.

ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುವಾಗ ಸ್ಕ್ರೀನ್ ಶೇರ್ ಅವರೇ ಮಾಡಲಿ, ಮೌಸ್ ಅವರ ಕೈಯಲ್ಲೇ ಇರಲಿ.